ಕಾಂಡ್ಲಾ ಕಾಡಿನಲ್ಲಿ ಪೆಡಲ್ ಕಯಾಕ್: ಸಿಕ್ಕಿಬೀಳದೆ ಹೋಗಿ ಬರುವ ಕ್ರಮ

ಪೆಡಲ್ ಕಯಾಕ್, ಅಂದರೆ ಕಾಲಿನಿಂದ ತುಳಿದು ನಡೆಸುವ ಸಣ್ಣ ದೋಣಿ, ಹತ್ತಿದವರು ಎಡವುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ತೆರೆದ ನೀರಿನಲ್ಲಿ ಅರ್ಧ ಗಂಟೆ ಸುಖವಾಗಿ ತುಳಿದುಕೊಂಡು ಹೋಗುತ್ತಾರೆ. ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಗಿಡಗಳ ನಡುವಿನ ಕಾಲುವೆಯ ಬಾಯಿಗೆ ಬಂದ ಮೇಲೂ ಅದೇ ಲಯದಲ್ಲಿ ತುಳಿಯುತ್ತಾರೆ. ಕೆಲವೇ ನಿಮಿಷಗಳಲ್ಲಿ ದೋಣಿಯ ಅಡಿಯಿಂದ ಟಕ್ಕೆಂಬ ಸದ್ದು ಬರುತ್ತದೆ. ದೋಣಿಯನ್ನು ಮುಂದೆ ತಳ್ಳುವ ರೆಕ್ಕೆ ಬೇರಿಗೆ ಸಿಕ್ಕಿರುತ್ತದೆ, ಇಲ್ಲವೇ ಪ್ರೊಪೆಲರ್‌ನ ಪಿನ್ ಮುರಿದಿರುತ್ತದೆ. ನೀರು ಇಳಿಯುವ ಹೊತ್ತಾಗಿದ್ದರೆ ಸ್ವಲ್ಪದರಲ್ಲೇ ದೋಣಿ ಕೆಸರಿನ ಮೇಲೆ ಕೂತುಬಿಡುತ್ತದೆ. ಗೈಡ್ ಜೊತೆಗಿದ್ದರೂ ಇದು ತಪ್ಪುವುದಿಲ್ಲ, ಏಕೆಂದರೆ ಪೆಡಲ್ ಇರುವುದು ನಿಮ್ಮ ಕಾಲಿನಡಿ, ಅವರ ಕಾಲಿನಡಿ ಅಲ್ಲ.

ಆದ್ದರಿಂದ ಈ ಬರಹದಲ್ಲಿ ಎರಡು ಸಂಗತಿಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ: ನೀರು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂಬುದು ಒಂದು; ತುಳಿಯುವುದನ್ನು ಯಾವಾಗ ನಿಲ್ಲಿಸಬೇಕು ಎಂಬುದು ಇನ್ನೊಂದು. ಹಂತಗಳ ಕ್ರಮವನ್ನು ಬದಲಿಸಬೇಡಿ.

ಹಂತ 1: ಉಬ್ಬರದ ವೇಳೆಯನ್ನು ನೋಡಿ ದಿನ ಗೊತ್ತುಮಾಡಿ

ಬಹಳಷ್ಟು ಜನ ಮೊದಲು ರಜೆಯ ದಿನ ಆರಿಸುತ್ತಾರೆ, ಆಮೇಲೆ ಬೆಳಗ್ಗೆಯೋ ಸಂಜೆಯೋ ಎಂದು ಯೋಚಿಸುತ್ತಾರೆ. ಇಲ್ಲಿ ಅದು ತಲೆಕೆಳಗಾದ ಕ್ರಮ. ಮೊದಲು ಆ ಕರಾವಳಿಯ ಉಬ್ಬರವಿಳಿತದ ಪಟ್ಟಿ ನೋಡಿ. ಹೆಚ್ಚಿನ ಕಡೆ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಉಬ್ಬರದ ವೇಳೆ ಪ್ರತಿದಿನ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಕೆಲವು ತೀರಗಳಲ್ಲಿ ದಿನಕ್ಕೆ ಒಂದೇ ಉಬ್ಬರ ಇರುತ್ತದೆ, ಅದನ್ನೂ ಪಟ್ಟಿಯೇ ಹೇಳುತ್ತದೆ.

ಲೆಕ್ಕ ಹೀಗಿರಲಿ: ಉಬ್ಬರ ತುದಿ ಮುಟ್ಟುವುದಕ್ಕೆ ಎರಡು ಅಥವಾ ಎರಡೂವರೆ ಗಂಟೆ ಮೊದಲು ದಡ ಬಿಡಿ, ಏರುವ ನೀರಿನ ಜೊತೆಗೆ ಒಳಗೆ ಹೋಗಿ, ಉಬ್ಬರ ಪೂರ್ಣವಾಗುವ ಹೊತ್ತಿಗೆ ತಿರುಗಿ, ಇಳಿಯುವ ನೀರಿನ ಮೊದಲ ಭಾಗದಲ್ಲಿ ಹೊರಗೆ ಬನ್ನಿ. ಏರುವ ನೀರಿನಲ್ಲಿ ದೋಣಿ ನೆಲಕ್ಕೆ ತಾಗಿದರೆ ಹತ್ತು ನಿಮಿಷ ಕಾದರೆ ಸಾಕು, ನೀರೇ ಎತ್ತಿಕೊಡುತ್ತದೆ. ಇಳಿಯುವ ನೀರಿನಲ್ಲಿ ತಾಗಿದರೆ ಪ್ರತಿ ನಿಮಿಷಕ್ಕೂ ನೀವು ಇನ್ನಷ್ಟು ಆಳಕ್ಕೆ ಹೂತುಕೊಳ್ಳುತ್ತೀರಿ. ಅಂಥ ಕಡೆ ಮತ್ತೆ ತೇಲಲು ಏಳೆಂಟು ಗಂಟೆ ಕಾದವರೂ ಇದ್ದಾರೆ.

ಇಳಿತದ ವೇಗ ಸಮನಾಗಿರುವುದಿಲ್ಲ ಎಂಬುದೇ ಮೋಸದ ಸಂಗತಿ. ದಿನಕ್ಕೆ ಎರಡು ಉಬ್ಬರ ಇರುವ ತೀರದಲ್ಲಿ ಆರು ಗಂಟೆಗಳ ಇಳಿತವನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಗೆ ಒಂದು ಪಾಲು, ಎರಡನೆಯದಕ್ಕೆ ಎರಡು, ಮೂರನೆಯ ಮತ್ತು ನಾಲ್ಕನೆಯದಕ್ಕೆ ಮೂರು ಮೂರು, ಐದನೆಯದಕ್ಕೆ ಎರಡು, ಕೊನೆಯದಕ್ಕೆ ಒಂದು ಪಾಲು ಇಳಿಯುತ್ತದೆ. ಒಟ್ಟು ವ್ಯತ್ಯಾಸ 2.4 ಮೀಟರ್ ಎಂದುಕೊಂಡರೆ ಮೊದಲ ಗಂಟೆಯಲ್ಲಿ ಇಳಿಯುವುದು 20 ಸೆಂಟಿಮೀಟರ್ ಮಾತ್ರ. ಮೂರನೆಯ ಗಂಟೆಯಲ್ಲಿ 60 ಸೆಂಟಿಮೀಟರ್. ಮೊದಲ ಗಂಟೆಯ ನಿಧಾನವನ್ನು ಕಂಡು 'ಇನ್ನೂ ಬೇಕಾದಷ್ಟು ನೀರಿದೆ' ಎಂದು ಒಳಗೇ ಉಳಿದವರು ಮೂರನೆಯ ಗಂಟೆಯಲ್ಲಿ ಕಾಲುವೆಯೇ ಖಾಲಿಯಾಗುವುದನ್ನು ನೋಡುತ್ತಾರೆ.

ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ದೊಡ್ಡದು, ಸೆಳೆತವೂ ಜೋರು. ಅಷ್ಟಮಿಯ ಹತ್ತಿರ ಎರಡೂ ಕಡಿಮೆ. ಮೊದಲ ಬಾರಿ ಹೋಗುವವರಿಗೆ ಅಷ್ಟಮಿಯ ಸುತ್ತಿನ ದಿನಗಳೇ ಲೇಸು. ದೊಡ್ಡ ಉಬ್ಬರದ ದಿನ ಇನ್ನೊಂದು ತೊಂದರೆಯೂ ಇದೆ: ನೀರು ತೀರಾ ಮೇಲೆ ಬಂದು, ಕಾಲುವೆಯ ಮೇಲೆ ಬಾಗಿದ ಕೊಂಬೆಗಳಿಗೂ ನಿಮ್ಮ ತಲೆಗೂ ನಡುವೆ ಜಾಗವೇ ಉಳಿಯುವುದಿಲ್ಲ.

ಪಟ್ಟಿಯಲ್ಲಿರುವ ವೇಳೆ ಬಂದರಿನದು. ಕಾಡಿನೊಳಗಿನ ಕಾಲುವೆಗೆ ಅದೇ ಉಬ್ಬರ ತಡವಾಗಿ ತಲುಪುತ್ತದೆ. ಎಷ್ಟು ತಡ ಎಂಬುದು ಆಯಾ ಕಾಲುವೆಗೆ ಬಿಟ್ಟದ್ದು, ಅದನ್ನು ಅಲ್ಲಿನ ಗೈಡ್‌ನಿಂದಲೇ ತಿಳಿಯಬೇಕು. ಇನ್ನೊಂದು ಮಾತು: ಪಟ್ಟಿಯ ಮೀಟರ್ ಸಂಖ್ಯೆ ಆ ಜಾಗದ ಆಳವಲ್ಲ. ಸಮುದ್ರದ ನಕ್ಷೆಯಲ್ಲಿ ಅಳತೆಗೆ ಆಧಾರವಾಗಿಟ್ಟ ಮೂಲಮಟ್ಟದಿಂದ ನೀರು ಎಷ್ಟು ಮೇಲಿದೆ ಎಂಬುದನ್ನಷ್ಟೇ ಅದು ಹೇಳುತ್ತದೆ.

ಹಂತ 2: ಗೈಡ್‌ಗೆ ಕೇಳಬೇಕಾದ ಪ್ರಶ್ನೆಗಳು

ಚಿತ್ರಗಳನ್ನು ನೋಡಿ ಗೈಡ್ ಆರಿಸಬೇಡಿ. ಮೊದಲ ಪ್ರಶ್ನೆ ಇದಾಗಿರಲಿ: "ನಾವು ಬರುವ ದಿನ ಒಳಗಿನ ಕಾಲುವೆಯಲ್ಲಿ ಉಬ್ಬರ ಎಷ್ಟು ಹೊತ್ತಿಗೆ ತುಂಬುತ್ತದೆ?" ಕೆಲಸ ಬಲ್ಲವರು ಕೂಡಲೇ ಹೇಳುತ್ತಾರೆ, ಇಲ್ಲವೇ ನೋಡಿ ಹೇಳುತ್ತೇನೆ ಎನ್ನುತ್ತಾರೆ. "ನಮ್ಮದು ದಿನವೂ ಒಂಬತ್ತು ಗಂಟೆಗೇ" ಎಂದರೆ ಎಚ್ಚರವಾಗಿ. ಉಬ್ಬರ ದಿನಕ್ಕೆ 50 ನಿಮಿಷ ಸರಿಯುವಾಗ ಪ್ರವಾಸ ಮಾತ್ರ ಸರಿಯದೆ ಇರುವುದು ಹೇಗೆ? ಕೆರಿಬಿಯನ್ ಸಮುದ್ರದಂತೆ ಏರಿಳಿತ ತೀರಾ ಕಡಿಮೆ ಇರುವ ಕಡೆ ಮಾತ್ರ ಆ ಉತ್ತರ ಒಪ್ಪುವಂಥದ್ದು. ಅಲ್ಲಿ ಉಬ್ಬರಕ್ಕಿಂತ ಗಾಳಿಯ ಲೆಕ್ಕವೇ ಮುಖ್ಯ.

ಆಮೇಲೆ ಕೇಳಬೇಕಾದವು: ಒಬ್ಬ ಗೈಡ್‌ಗೆ ಎಷ್ಟು ದೋಣಿ? ಹಿಂದಿನಿಂದ ಕಾಯುವವರು ಇದ್ದಾರೆಯೇ? ಎಳೆದುಕೊಂಡು ಹೋಗುವ ಹಗ್ಗ, ಹೆಚ್ಚುವರಿ ಹುಟ್ಟು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಮೊಬೈಲ್ ಸಿಗ್ನಲ್ ಇಲ್ಲದ ಕಡೆ ಕೆಲಸ ಮಾಡುವ ರೇಡಿಯೊ ಇವೆಯೇ? ಸಂರಕ್ಷಿತ ಪ್ರದೇಶವಾದರೆ ಅನುಮತಿ ಪಡೆದಿದ್ದಾರೆಯೇ? ಮಳೆ, ಗುಡುಗು ಬಂದರೆ ಪ್ರವಾಸ ರದ್ದುಮಾಡುವುದು ಯಾರ ನಿರ್ಧಾರ? ಆರು ದೋಣಿಗೆ ಒಬ್ಬರು ಎಂಬುದು ಸಮಾಧಾನದ ಲೆಕ್ಕ. ಅದಕ್ಕಿಂತ ಹೆಚ್ಚಾದರೆ ಕಾಲುವೆಯ ತಿರುವುಗಳಲ್ಲಿ ಹಿಂದಿನ ದೋಣಿಗಳು ಗೈಡ್‌ನ ಕಣ್ಣಿಗೆ ಬೀಳುವುದಿಲ್ಲ.

ಮೊಸಳೆಯ ಬಗ್ಗೆ ನೇರವಾಗಿ ಕೇಳಿ. ಉತ್ತರ ಆಸ್ಟ್ರೇಲಿಯಾ, ಸುಂದರಬನ, ಒಡಿಶಾದ ಭಿತರ್ಕನಿಕಾ ಇಂಥ ಕಡೆಯ ಕಾಂಡ್ಲಾ ನೀರು ಉಪ್ಪುನೀರಿನ ಮೊಸಳೆಯ ಮನೆ. ಅಲ್ಲಿ ನೀರಿನ ಮಟ್ಟದಲ್ಲಿ ಕೂರುವ ಪುಟ್ಟ ದೋಣಿ ಬೇಡವೇ ಬೇಡ, ಯಾರು ಎಷ್ಟೇ ಭರವಸೆ ಕೊಡಲಿ.

ಹಂತ 3: ನಿಮ್ಮ ಕಾಲಿನಡಿ ಯಾವ ಯಂತ್ರವಿದೆ ಎಂದು ತಿಳಿಯಿರಿ

ಪೆಡಲ್ ಕಯಾಕ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಪೆಡಲ್‌ಗಳನ್ನು ಮುಂದಕ್ಕೆ ಒಂದಾದಮೇಲೊಂದು ಒತ್ತುತ್ತೀರಿ. ಅಡಿಯಲ್ಲಿ ಎರಡು ರೆಕ್ಕೆಗಳು ಅಕ್ಕಪಕ್ಕಕ್ಕೆ ಬೀಸುತ್ತವೆ. ಇನ್ನೊಂದರಲ್ಲಿ ಸೈಕಲ್‌ನಂತೆ ಸುತ್ತಿಸುತ್ತೀರಿ. ಅಡಿಯಲ್ಲಿ ಪ್ರೊಪೆಲರ್ ತಿರುಗುತ್ತದೆ. ಕಾಂಡ್ಲಾ ಕಾಡಿನಲ್ಲಿ ಈ ವ್ಯತ್ಯಾಸವೇ ನಿಮ್ಮ ನಡೆಯನ್ನು ನಿರ್ಧರಿಸುತ್ತದೆ.

ರೆಕ್ಕೆಯ ಬಗೆಯಲ್ಲಿ ಒಂದು ಅನುಕೂಲವಿದೆ. ಒಂದು ಪೆಡಲನ್ನು ಪೂರ್ತಿ ಮುಂದಕ್ಕೆ ಒತ್ತಿ ಹಿಡಿದರೆ ಎರಡೂ ರೆಕ್ಕೆಗಳು ದೋಣಿಯ ತಳಕ್ಕೆ ಅಂಟಿಕೊಂಡಂತೆ ಮಡಚಿಕೊಳ್ಳುತ್ತವೆ. ಆಳ ಕಡಿಮೆಯಾದ ಕಡೆ ಹೀಗೆ ಹಿಡಿದು ತೇಲಿಹೋಗಬಹುದು, ಅಥವಾ ಸಣ್ಣ ಸಣ್ಣ ಒತ್ತುಗಳಲ್ಲಿ ಮುಂದುವರಿಯಬಹುದು. ಆದರೆ ಹಳೆಯ ಮಾದರಿಗಳಲ್ಲಿ ಹಿಂದಕ್ಕೆ ಹೋಗಲು ಬರುವುದಿಲ್ಲ. ಹೊಸ ಕೆಲವು ಮಾದರಿಗಳಲ್ಲಿ ಒಂದು ದಾರ ಎಳೆದು ದಿಕ್ಕು ಬದಲಿಸಬೇಕು.

ಪ್ರೊಪೆಲರ್ ಹಿಂದಕ್ಕೆ ಸುತ್ತಿಸಿದರೆ ಆ ಕ್ಷಣದಲ್ಲೇ ಹಿಂದೆ ಸರಿಯುತ್ತದೆ. ಆದರೆ ಅದು ಮಡಚಿಕೊಳ್ಳುವುದಿಲ್ಲ. ಆಳ ಸಾಲದಿದ್ದರೆ ಇಡೀ ಯಂತ್ರವನ್ನು ಮೇಲಕ್ಕೆತ್ತಬೇಕು, ಅದಕ್ಕೆ ಕೆಲವು ಸೆಕೆಂಡು ಬೇಕು. ಹಲವು ಮಾದರಿಗಳಲ್ಲಿ ಪ್ರೊಪೆಲರ್‌ಗೆ ಒಂದು ಮೆದು ಪಿನ್ ಇರುತ್ತದೆ: ಗಟ್ಟಿಯಾದದ್ದಕ್ಕೆ ಬಡಿದಾಗ ಗೇರ್ ಉಳಿಯಲೆಂದು ಮೊದಲು ಮುರಿಯುವುದು ಅದೇ. ಹೆಚ್ಚುವರಿ ಪಿನ್ ಮತ್ತು ಅದನ್ನು ಹಾಕುವ ಉಪಕರಣ ಗೈಡ್ ಬಳಿ ಇರಬೇಕು.

ಎರಡರಲ್ಲೂ ಯಂತ್ರ ದೋಣಿಯ ಅಡಿಗೆ ಸುಮಾರು 40 ಸೆಂಟಿಮೀಟರ್ ಆಸುಪಾಸು ಇಳಿದಿರುತ್ತದೆ. ಯಂತ್ರವಿಲ್ಲದ ದೋಣಿಗೆ ಒಂದು ಗೇಣು ನೀರು ಸಾಕು. ಹೊರಡುವ ಮೊದಲು ನಿಮ್ಮ ದೋಣಿಯ ಯಂತ್ರ ಅಡಿಗೆ ಎಷ್ಟು ಇಳಿದಿರುತ್ತದೆ ಎಂದು ಹುಟ್ಟನ್ನು ಪಕ್ಕಕ್ಕೆ ಇಟ್ಟು ಅಳೆದು, ಹುಟ್ಟಿನ ತುದಿಯಿಂದ ಅಷ್ಟೇ ಎತ್ತರಕ್ಕೆ ಬಣ್ಣದ ಟೇಪ್ ಸುತ್ತಿ. ಮುಂದೆ ಆಳ ನೋಡಬೇಕಾದಾಗ ಅದೇ ನಿಮ್ಮ ಅಳತೆಗೋಲು. ಇಷ್ಟು ಸಣ್ಣ ಕೆಲಸವನ್ನು ಯಾರೂ ಏಕೆ ಮಾಡುವುದಿಲ್ಲವೋ ನನಗೆ ಅರ್ಥವಾಗಿಲ್ಲ.

ಹಂತ 4: ತೊಡುವುದು, ಒಯ್ಯುವುದು

ಲೈಫ್ ಜಾಕೆಟ್ ಬೆನ್ನಿನ ಕೆಳಭಾಗದಲ್ಲಿ ತೆಳುವಾಗಿರುವ ಬಗೆಯದಾಗಿರಲಿ. ಪೆಡಲ್ ಕಯಾಕ್‌ನ ಆಸನಕ್ಕೆ ಎತ್ತರದ ಬೆನ್ನೊರಗು ಇರುತ್ತದೆ. ದಪ್ಪ ಜಾಕೆಟ್ ಅದಕ್ಕೆ ತಾಗಿ ನಿಮ್ಮನ್ನು ಮುಂದಕ್ಕೆ ತಳ್ಳುತ್ತದೆ. ಜನ ಬೇಸತ್ತು ಜಾಕೆಟ್ ಬಿಚ್ಚಿಡುವುದು ಇದಕ್ಕೇ. ಬಿಚ್ಚಿಟ್ಟ ಜಾಕೆಟ್ ಯಾವ ಪ್ರಯೋಜನಕ್ಕೂ ಇಲ್ಲ. ಅದರ ಜೇಬಿನಲ್ಲಿ ಒಂದು ಸೀಟಿ ಇರಲಿ. ಮೂರು ಬಾರಿ ಊದಿದರೆ ಅಪಾಯ ಎಂದರ್ಥ.

ಕಾಲಿಗೆ ಬೆರಳು ಮುಚ್ಚುವ, ಹಿಮ್ಮಡಿಗೆ ಬಿಗಿಯುವ ಪಾದರಕ್ಷೆ. ಹವಾಯಿ ಚಪ್ಪಲಿ ಕೆಸರಿನ ಪಾಲಾಗುತ್ತದೆ, ಆಮೇಲೆ ಬರಿಗಾಲು ಸಿಂಪಿಚಿಪ್ಪಿನ ಮೇಲೆ ಬೀಳುತ್ತದೆ. ಕಾಂಡ್ಲಾ ಬೇರುಗಳ ಮೇಲೆ ಅಂಟಿರುವ ಸಿಂಪಿಗಳ ಅಂಚು ಬ್ಲೇಡಿನಷ್ಟೇ ಹರಿತ. ತೋಳು ತುಂಬುವ ತೆಳು ಅಂಗಿ, ಗದ್ದಕ್ಕೆ ದಾರವಿರುವ ಟೋಪಿ, ನೀರಿನ ಹೊಳಪನ್ನು ಕತ್ತರಿಸುವ ಪೋಲರೈಸ್ಡ್ ಕನ್ನಡಕ ಬೇಕು. ಕನ್ನಡಕ ಇಲ್ಲಿ ಅಲಂಕಾರಕ್ಕಲ್ಲ, ಅದಿಲ್ಲದೆ ನೀರಿನಡಿಯ ಬೇರು ಕಾಣಿಸುವುದಿಲ್ಲ. ಸಡಿಲವಾದ ಪ್ಯಾಂಟು, ಇಳಿಬಿದ್ದ ದಾರ, ದುಪಟ್ಟಾ ಬೇಡ. ತಿರುಗುವ ಪೆಡಲ್‌ಗೆ ಸಿಕ್ಕಿದರೆ ಬಿಡಿಸುವುದೇ ಕಷ್ಟ.

ಸೊಳ್ಳೆ ಮತ್ತು ಕಣ್ಣಿಗೆ ಕಾಣದ ಸಣ್ಣ ನೊಣಗಳು ಗಾಳಿಯಿಲ್ಲದ ಮುಂಜಾನೆ, ಮುಸ್ಸಂಜೆಗಳಲ್ಲಿ ಮುತ್ತುತ್ತವೆ. ಮೊದಲು ಬಿಸಿಲಿನ ಕ್ರೀಮ್, ಅದು ಒಣಗಿದ ಮೇಲೆ ಸೊಳ್ಳೆಯ ದ್ರವ. ಡೀಟ್ ಎಂಬ ರಾಸಾಯನಿಕ ಇರುವ ಸೊಳ್ಳೆಯ ದ್ರವ ಹಚ್ಚಿದ ಕೈಯಿಂದ ಕನ್ನಡಕ, ಮೊಬೈಲ್ ಮುಟ್ಟಬೇಡಿ, ಪ್ಲಾಸ್ಟಿಕ್ ಕರಗಿ ಮಸುಕಾಗುತ್ತದೆ. ಕುಡಿಯುವ ನೀರು ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್, ಜೊತೆಗೆ ಸಿಕ್ಕಿಬಿದ್ದರೆ ಬೇಕಾಗುವಷ್ಟು ಹೆಚ್ಚುವರಿ. ಮೊಬೈಲ್‌ಗೆ ನೀರು ಹೋಗದ ಚೀಲ ಇರಲಿ, ಅದನ್ನು ದೋಣಿಗಲ್ಲ, ನಿಮ್ಮ ಜಾಕೆಟ್‌ಗೆ ಕಟ್ಟಿ.

ಹುಟ್ಟು ಇಲ್ಲದೆ ಹೊರಡಬೇಡಿ. ಪೆಡಲ್ ಇದೆಯಲ್ಲ ಎಂದು ಅದನ್ನು ದಡದಲ್ಲೇ ಬಿಟ್ಟು ಬರುವವರು ಈ ಬರಹದಲ್ಲಿ ಹೇಳಿದ ಅರ್ಧ ತೊಂದರೆಗಳಿಗೆ ಕಾರಣ. ಕಾಲುವೆಯೊಳಗೆ ನಿಮ್ಮ ನಿಜವಾದ ಸಾಧನ ಅದೇ.

ಹಂತ 5: ದಡದಲ್ಲಿ ಕಾಲು ಗಂಟೆ

ಆಸನವನ್ನು ಮೊದಲು ಹೊಂದಿಸಿ. ಪೆಡಲ್ ಅತಿ ದೂರದಲ್ಲಿರುವಾಗ ಮೊಣಕಾಲು ಸ್ವಲ್ಪ ಬಾಗಿಯೇ ಇರಬೇಕು. ತೀರಾ ಹತ್ತಿರವಾದರೆ ಒಂದು ಗಂಟೆಯಲ್ಲಿ ಮೊಣಕಾಲು ನೋಯುತ್ತದೆ. ತೀರಾ ದೂರವಾದರೆ ಪ್ರತಿ ತುಳಿತಕ್ಕೂ ಸೊಂಟ ಅತ್ತಿತ್ತ ಜಾರುತ್ತದೆ, ದೋಣಿಯೂ ಓಲಾಡುತ್ತದೆ. ಪಾದದ ಮುಂಭಾಗದಿಂದ ತುಳಿಯಿರಿ, ಹಿಮ್ಮಡಿಯಿಂದಲ್ಲ.

ಆಮೇಲೆ ಪರೀಕ್ಷೆ. ದೋಣಿಯ ಹಿಂಬದಿಯ ನೀರು ಬಸಿಯುವ ತೂತಿನ ಬಿರಡೆ ಬಿಗಿಯಾಗಿದೆಯೇ? ಮುಚ್ಚಳಗಳು ಸರಿಯಾಗಿ ಕೂತಿವೆಯೇ? ಪೆಡಲ್ ಯಂತ್ರ ತನ್ನ ಗುಳಿಯಲ್ಲಿ ಕ್ಲಿಕ್ ಎಂದು ಕೂತು ಬೀಗ ಬಿದ್ದಿದೆಯೇ? ಅದಕ್ಕೆ ಸುರಕ್ಷತಾ ದಾರ ಕಟ್ಟಿದೆಯೇ? ದೋಣಿ ಮಗುಚಿದಾಗ ದಾರವಿಲ್ಲದ ಯಂತ್ರ ಜಾರಿ ಸಮುದ್ರದ ಪಾಲಾಗುತ್ತದೆ. ಚುಕ್ಕಾಣಿ ಇಳಿಸುವ ಹಗ್ಗ, ಎತ್ತುವ ಹಗ್ಗ ಯಾವುದು ಯಾವುದೆಂದು ಕೈಗೆ ಅಭ್ಯಾಸವಾಗುವಷ್ಟು ಸಾರಿ ಎಳೆದು ನೋಡಿ. ಭಾರವನ್ನೆಲ್ಲ ಹಿಂದಕ್ಕೆ ಪೇರಿಸಬೇಡಿ, ಮೂತಿ ಮೇಲೆದ್ದರೆ ಗಾಳಿ ದೋಣಿಯನ್ನು ತಿರುಗಿಸಿಬಿಡುತ್ತದೆ.

ಪೆಡಲ್ ಕಯಾಕ್ ಭಾರದ ದೋಣಿ, ಹೆಚ್ಚಿನವು 35ರಿಂದ 55 ಕಿಲೋ ತೂಗುತ್ತವೆ. ಯಂತ್ರ ಹಾಕಿದ ದೋಣಿಯನ್ನು ಮರಳಿನ ಮೇಲೆ ಎಳೆಯಬೇಡಿ. ಗಾಲಿಗಾಡಿಯಲ್ಲೋ ಇಬ್ಬರು ಹಿಡಿದೋ ನೀರಿಗೆ ತಂದು, ಮೊಣಕಾಲುಮಟ್ಟದ ನೀರಿನಲ್ಲಿ ತೇಲಿಸಿದ ಮೇಲೆಯೇ ಯಂತ್ರ ಇಳಿಸಿ. ಕೊನೆಗೆ, ಮರಳುವ ಗಂಟೆಯನ್ನು ದಡದಲ್ಲಿರುವ ಯಾರಿಗಾದರೂ ತಿಳಿಸಿ ಹೊರಡಿ.

ಹಂತ 6: ಸೊಂಟಮಟ್ಟದ ನೀರಿನಲ್ಲಿ ಅಭ್ಯಾಸ

ಇದನ್ನು ಬಿಟ್ಟು ಮುಂದೆ ಹೋಗುವ ಗುಂಪುಗಳೇ ಹೆಚ್ಚು. ಗೈಡ್ ಹೇಳದಿದ್ದರೂ ನೀವೇ ಕೇಳಿ.

ಮೊದಲು ತಿರುವು. ಚುಕ್ಕಾಣಿಯ ಹಿಡಿ ಯಾವ ಕಡೆ ಹೋದರೆ ಮೂತಿ ಯಾವ ಕಡೆ ಹೋಗುತ್ತದೆ ಎಂದು ನೋಡಿಕೊಳ್ಳಿ. ಆಮೇಲೆ ತುಳಿಯುವುದನ್ನು ನಿಲ್ಲಿಸಿ ಚುಕ್ಕಾಣಿ ತಿರುಗಿಸಿ: ದೋಣಿ ಕದಲುವುದಿಲ್ಲ. ಚುಕ್ಕಾಣಿಗೆ ನೀರಿನ ಹರಿವು ಬೇಕು. ನಿಂತ ದೋಣಿಗೆ ಚುಕ್ಕಾಣಿ ಇದ್ದೂ ಇಲ್ಲದಂತೆ. ಈ ಒಂದು ಪಾಠ ಮುಂದೆ ಕಾಲುವೆಯಲ್ಲಿ ನಿಮ್ಮನ್ನು ಕಾಪಾಡುತ್ತದೆ. ಇಕ್ಕಟ್ಟಿನಲ್ಲಿ ನಿಧಾನವಾಗಿ ಹೋಗಬೇಕು, ನಿಧಾನವಾದಾಗ ಚುಕ್ಕಾಣಿ ಕೆಲಸ ಮಾಡುವುದಿಲ್ಲ, ಆದ್ದರಿಂದ ಅಲ್ಲಿ ತಿರುಗಿಸುವುದು ಹುಟ್ಟು.

ಎರಡನೆಯದು ನಿಲ್ಲಿಸುವುದು. ಹತ್ತು ಸೆಕೆಂಡಿನೊಳಗೆ ತುಳಿತ ನಿಲ್ಲಿಸಿ, ರೆಕ್ಕೆ ಮಡಚಿ ಅಥವಾ ಯಂತ್ರ ಎತ್ತಿ, ಚುಕ್ಕಾಣಿ ಎತ್ತಿ, ಹುಟ್ಟು ಕೈಗೆ ತೆಗೆದುಕೊಳ್ಳಿ. ಇದೇ ಕ್ರಮದಲ್ಲಿ. ಕಣ್ಣು ಮುಚ್ಚಿ ಮಾಡುವಷ್ಟು ಆದಾಗ ಸಾಕು.

ಮೂರನೆಯದು ಬಿದ್ದು ಹತ್ತುವುದು. ಮಗುಚಿದ ದೋಣಿಯ ತಳ ಮೇಲಾಗಿ ರೆಕ್ಕೆಗಳು ಎದ್ದು ನಿಂತಿರುತ್ತವೆ, ಮುಖಕ್ಕೆ ತಾಗದಂತೆ ನೋಡಿಕೊಳ್ಳಿ. ದೋಣಿಯ ಮೇಲಿನಿಂದ ಕೈ ಚಾಚಿ ಆಚೆಯ ಅಂಚನ್ನೋ ಹಿಡಿಯನ್ನೋ ಹಿಡಿದು ಹಿಂದಕ್ಕೆ ವಾಲಿದರೆ ಅದು ನೆಟ್ಟಗಾಗುತ್ತದೆ. ಆಮೇಲೆ ಪಕ್ಕದಿಂದ ಕಾಲು ಬಡಿಯುತ್ತಾ ಹೊಟ್ಟೆಯ ಮೇಲೆ ಅಡ್ಡಲಾಗಿ ಜಾರಿ, ಮಗ್ಗುಲು ತಿರುಗಿ, ಕುಳಿತು, ಕಾಲುಗಳನ್ನು ಕೊನೆಗೆ ಒಳಗೆ ತನ್ನಿ. ಪೆಡಲ್‌ನ ತೋಳುಗಳು ಹೊಟ್ಟೆಗೆ ಚುಚ್ಚದಂತೆ ಆಸನದ ಹತ್ತಿರದಿಂದಲೇ ಹತ್ತಿ. ಹತ್ತಲು ಆಗದವರು ಗೈಡ್‌ಗೆ ಅಲ್ಲೇ ಹೇಳಿಬಿಡಬೇಕು. ಆಳದಲ್ಲಿ ಹೇಳಿದರೆ ತಡವಾಗುತ್ತದೆ.

ಹಂತ 7: ತೆರೆದ ನೀರನ್ನು ದಾಟುವುದು

ಇಲ್ಲಿ ಪೆಡಲ್‌ಗೆ ಸಾಟಿಯಿಲ್ಲ. ಹಗುರವಾಗಿ, ಒಂದೇ ಲಯದಲ್ಲಿ ತುಳಿಯಿರಿ. ಗಂಟೆಗೆ ನಾಲ್ಕರಿಂದ ಆರು ಕಿಲೋಮೀಟರ್ ಸಾಮಾನ್ಯ ವೇಗ. ಎದುರಿನಿಂದ ಗಂಟೆಗೆ 4 ಕಿಲೋಮೀಟರ್ ಸೆಳೆತವಿದ್ದರೆ, ನೀವು 5ರ ವೇಗದಲ್ಲಿ ತುಳಿದರೂ ನೆಲಕ್ಕೆ ಹೋಲಿಸಿದರೆ ಸಾಗುವುದು ಒಂದೇ ಕಿಲೋಮೀಟರ್. ಹೊರಡುವಾಗಲೇ ಕಾಲುಗಳ ಶಕ್ತಿಯನ್ನೆಲ್ಲ ಖರ್ಚು ಮಾಡಬೇಡಿ ಎನ್ನುವುದು ಇದಕ್ಕೇ.

ಗಾಳಿ ಒಂದು ಕಡೆ, ನೀರಿನ ಸೆಳೆತ ಅದಕ್ಕೆ ಎದುರು ಇದ್ದಾಗ ಅಲೆಗಳು ಗಿಡ್ಡವಾಗಿ, ಕಡಿದಾಗಿ ಏಳುತ್ತವೆ. ಹೋಗುವಾಗ ನೀರು ಶಾಂತವಾಗಿದ್ದರೂ, ಗಾಳಿ ಹಾಗೇ ಇದ್ದು ನೀರು ದಿಕ್ಕು ಬದಲಿಸಿದರೆ ಮರಳುವಾಗ ಅದೇ ಜಾಗ ಒರಟಾಗುತ್ತದೆ. ಮುಂದಿನ ದೋಣಿಯಿಂದ ಎರಡು ಮೂರು ದೋಣಿಯುದ್ದ ಅಂತರ ಇರಲಿ. ಗುಡುಗಿನ ಸದ್ದು ಕೇಳಿದರೆ ಹತ್ತಿರದ ದಡಕ್ಕೆ ಹೋಗಿ, 'ಇನ್ನೂ ದೂರವಿದೆ' ಎಂಬ ಲೆಕ್ಕ ಬೇಡ.

ಹಂತ 8: ಕಾಲುವೆಯ ಬಾಯಿಯಲ್ಲಿ ನಿಂತು ನೋಡಿ

ಒಳಗೆ ನುಗ್ಗುವ ಮೊದಲು ಎರಡು ನಿಮಿಷ ನಿಲ್ಲಿ. ಕಾಡು ತನ್ನ ಗುಟ್ಟನ್ನು ಅಂಚಿನಲ್ಲೇ ಹೇಳುತ್ತದೆ.

ಬೇರುಗಳನ್ನು ನೋಡಿ. ನೀರಿನ ಮೇಲೆ ಬೇರಿನ ಒಂದು ಪಟ್ಟಿ ಒದ್ದೆಯಾಗಿ ಕಪ್ಪಗಿದ್ದರೆ ನೀರು ಇಳಿಯುತ್ತಿದೆ. ನೀರಿನ ಗೆರೆಯವರೆಗೂ ಬೇರು ಒಣಗಿದ್ದರೆ ನೀರು ಏರುತ್ತಿದೆ. ಮಳೆ ಬಂದಿದ್ದರೆ ಅಥವಾ ಅಲೆ ಬಡಿಯುತ್ತಿದ್ದರೆ ಈ ಗುರುತು ನಂಬಬೇಡಿ; ತೇಲುವ ಎಲೆ, ನೊರೆ ಯಾವ ಕಡೆಗೆ ಸಾಗುತ್ತಿದೆ ಎಂದು ನೋಡಿ. ನಿಮ್ಮ ಲೆಕ್ಕದ ಪ್ರಕಾರ ನೀರು ಏರಬೇಕಾದ ಹೊತ್ತಿನಲ್ಲಿ ಎಲೆಗಳು ಹೊರಕ್ಕೆ ಹರಿಯುತ್ತಿದ್ದರೆ ಗೈಡ್‌ನ ಜೊತೆ ಮಾತಾಡದೆ ಒಳಗೆ ಹೋಗಬೇಡಿ.

ಗಿಡದ ಬಗೆಯೂ ಆಳವನ್ನು ಹೇಳುತ್ತದೆ. ಕಮಾನಿನಂತೆ ಬಾಗಿ ನೀರಿಗಿಳಿಯುವ ಊರುಗಾಲು ಬೇರುಗಳು ರೈಝೋಫೊರಾ ಎಂಬ ಬಗೆಯ ಕಾಂಡ್ಲಾದವು. ಇವು ಕಾಲುವೆಯ ಅಂಚಿಗೇ ಇದ್ದು, ನೀರಿನಡಿಯಲ್ಲೂ ಹೊರಕ್ಕೆ ಚಾಚಿರುತ್ತವೆ, ಅವುಗಳಿಂದ ದೂರವಿರಿ. ಪೆನ್ಸಿಲ್‌ನಂತೆ ನೆಲದಿಂದ ಮೇಲಕ್ಕೆ ಚುಚ್ಚಿಕೊಂಡು ನಿಂತ ಉಸಿರುಬೇರುಗಳು ಅವಿಸೆನಿಯಾ ಎಂಬ ಇನ್ನೊಂದು ಬಗೆಯವು. ಅವುಗಳ ನಡುವೆ ನೀವು ತೇಲುತ್ತಿದ್ದರೆ ಒಂದು ವಿಷಯ ಖಚಿತ: ಇಳಿತದಲ್ಲಿ ಆ ನೆಲ ಬರಿದಾಗುತ್ತದೆ. ಏರಿಳಿತ ಚೆನ್ನಾಗಿರುವ ತೀರಗಳಲ್ಲಿ ಕಾಂಡ್ಲಾ ಬೆಳೆಯುವುದೇ ಸಮುದ್ರದ ಸರಾಸರಿ ಮಟ್ಟದಿಂದ ಮೇಲಿನ ನೆಲದಲ್ಲಿ.

ತಿರುವುಗಳಲ್ಲಿ ಹೊರಬದಿ ಆಳ, ಒಳಬದಿ ಕೆಸರಿನ ದಿಣ್ಣೆ. ಹತ್ತಿರದ ದಾರಿ ಎಂದು ಒಳಬದಿ ಕತ್ತರಿಸಿಕೊಂಡು ಹೋಗುವುದು ಪದೇ ಪದೇ ಕಾಣುವ ತಪ್ಪು.

ಈಗ ಹುಟ್ಟನ್ನು ನೆಟ್ಟಗೆ ಇಳಿಸಿ. ಟೇಪ್ ಮುಳುಗಿ ಅದರ ಮೇಲೆ ಇನ್ನೊಂದು ಗೇಣು ನೀರಿದ್ದರೆ ತುಳಿಯಬಹುದು. ಟೇಪ್ ಮುಳುಗದಿದ್ದರೆ ಪೆಡಲ್‌ನ ಕೆಲಸ ಇಲ್ಲಿಗೆ ಮುಗಿಯಿತು. ನಡುವಿನ ಸ್ಥಿತಿಯಾದರೆ ರೆಕ್ಕೆಯವರು ಸಣ್ಣ ಒತ್ತುಗಳಲ್ಲಿ ಹೋಗಲಿ, ಪ್ರೊಪೆಲರ್‌ನವರು ಯಂತ್ರ ಎತ್ತಿಬಿಡಲಿ.

ಹಂತ 9: ಹಸಿರು ಸುರಂಗದೊಳಗೆ

ಮರಗಳು ಎರಡೂ ಕಡೆಯಿಂದ ಬಾಗಿ ಸೇರುವ ಕಡೆ ಚುಕ್ಕಾಣಿ ಮೇಲೆ, ಯಂತ್ರ ಮೇಲೆ, ಹುಟ್ಟು ಕೈಯಲ್ಲಿ. ಜಾಗ ತೀರಾ ಕಡಿಮೆಯಾದರೆ ಎರಡು ಭಾಗವಾಗುವ ಹುಟ್ಟಿನ ಒಂದು ತುಂಡನ್ನು ಮಾತ್ರ ಬಳಸಿ. ಕೊಂಬೆ ಹಿಡಿದು ಎಳೆದುಕೊಂಡು ಹೋಗುವ ಆಸೆಯಾಗುತ್ತದೆ, ಬೇಡ. ಕೊಂಬೆಯಲ್ಲಿ ಕಣಜದ ಗೂಡು, ಚಿಗಳಿ, ಹಾವು ಏನಿದೆಯೋ ಕಾಣುವುದಿಲ್ಲ. ಏಷ್ಯಾದ ಕಾಂಡ್ಲಾ ಕಾಡುಗಳಲ್ಲಿ ಬೆಳೆಯುವ ಎಕ್ಸೋಕೇರಿಯಾ ಅಗಲೋಚಾ ಎಂಬ ಮರದ ಹಾಲು ಕಣ್ಣಿಗೆ ಬಿದ್ದರೆ ತಾತ್ಕಾಲಿಕವಾಗಿ ದೃಷ್ಟಿಯೇ ಹೋಗಬಹುದು. ಮುರಿದ ಎಲೆ, ಕೊಂಬೆಯಿಂದ ಬಿಳಿ ಹಾಲು ಬರುವುದು ಕಂಡರೆ ಕಣ್ಣು ಮುಟ್ಟಿಕೊಳ್ಳಬೇಡಿ, ಕುಡಿಯುವ ನೀರಿನಿಂದಾದರೂ ಕೈ ತೊಳೆಯಿರಿ.

ಸೆಳೆತ ನಿಮ್ಮನ್ನು ಅಡ್ಡಲಾಗಿ ಬೇರುಗಳಿಗೆ ಒತ್ತಿದರೆ ದೇಹ ಸಹಜವಾಗಿ ಬೇರಿನಿಂದ ದೂರಕ್ಕೆ ವಾಲುತ್ತದೆ. ಅದೇ ದೋಣಿ ಮಗುಚುವ ಕ್ಷಣ. ನೀರು ಬರುವ ಕಡೆಯ ಅಂಚು ತಗ್ಗಿದರೆ ನೀರು ಅದನ್ನು ಅಡಿಗೆ ಎಳೆಯುತ್ತದೆ. ಬೇರಿನ ಕಡೆಗೇ ವಾಲಿ, ಹುಟ್ಟಿನಿಂದ ತಳ್ಳಿ, ಮೂತಿಯನ್ನು ಸೆಳೆತದ ಜೊತೆಗೆ ತಿರುಗಿಸಿ. ಕೈಯಿಂದ ಬೇರನ್ನು ತಳ್ಳಬೇಡಿ, ಸಿಂಪಿ ಅಂಗೈಯನ್ನು ಸೀಳುತ್ತದೆ. ತಲೆಯ ಮೇಲಿನ ಕೊಂಬೆಗೆ ಮುಂದಕ್ಕೆ ಬಾಗಿ. ಹಿಂದಕ್ಕೆ ಬಾಗಿದರೆ ಮುಖ, ಕತ್ತು ಬಯಲಾಗಿರುತ್ತವೆ.

ಹಕ್ಕಿಗಳ ಗೂಡುಗಳಿರುವ ಕಡೆ ಗೈಡ್ ಮೌನ ಕೇಳಿದರೆ ಕೊಡಿ. ಹಕ್ಕಿಗಳು ಮೇವು ಬಿಟ್ಟು ತಲೆಯೆತ್ತಿ ನಿಮ್ಮನ್ನೇ ನೋಡಲಾರಂಭಿಸಿದರೆ ನೀವು ಆಗಲೇ ತೀರಾ ಹತ್ತಿರ ಬಂದಿದ್ದೀರಿ.

ಪೆಡಲ್ ಒಮ್ಮೆಲೇ ಭಾರವಾಯಿತೇ, ನಡುಗುತ್ತಿದೆಯೇ, ತುಳಿದರೂ ದೋಣಿ ಸಾಗುತ್ತಿಲ್ಲವೇ? ಕಳೆ, ಬಲೆಯ ತುಂಡು, ಪ್ಲಾಸ್ಟಿಕ್ ಸುತ್ತಿಕೊಂಡಿರುತ್ತದೆ. ಬಲ ಹಾಕಿ ತುಳಿದು ಬಿಡಿಸಲು ನೋಡಬೇಡಿ. ಪ್ರೊಪೆಲರ್ ಆಗಿದ್ದರೆ ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ, ಆಮೇಲೆ ಯಂತ್ರ ಮೇಲೆತ್ತಿ, ಕಾಲುಗಳನ್ನು ಪೆಡಲ್‌ನಿಂದ ತೆಗೆದ ನಂತರವೇ ಕೈಯಿಂದ ಬಿಡಿಸಿ.

ಹಂತ 10: ಸಿಕ್ಕಿಕೊಂಡರೆ

ಮೊದಲು ತುಳಿಯುವುದನ್ನು ನಿಲ್ಲಿಸಿ. ಎರಡನೆಯದಾಗಿ ಯಂತ್ರ ಮತ್ತು ಚುಕ್ಕಾಣಿ ಎತ್ತಿ. ಎಷ್ಟೋ ಸಲ ಇಷ್ಟಕ್ಕೇ ದೋಣಿ ತೇಲುತ್ತದೆ. ಬೇರಿನ ನಡುವೆ ಬಿಗಿದು ಮೇಲೆ ಬರದಿದ್ದರೆ, ಬಂದ ದಾರಿಯಲ್ಲೇ ಹುಟ್ಟಿನಿಂದ ಹಿಂದಕ್ಕೆ ತಳ್ಳಿಕೊಂಡು ಬಿಡಿಸಿ. ಮೂರನೆಯದಾಗಿ, ಮೂತಿ ನೆಲ ಹಿಡಿದಿದ್ದರೆ ಹಿಂದಕ್ಕೆ ವಾಲಿ ಹಿಂದಕ್ಕೆ ತಳ್ಳಿ; ಹಿಂಭಾಗ ಹಿಡಿದಿದ್ದರೆ ಮುಂದಕ್ಕೆ ವಾಲಿ. ಆಗಲಿಲ್ಲವಾದರೆ ಸೀಟಿ ಊದಿ. ಗೈಡ್ ಹಗ್ಗ ಹಾಕಿ ಎಳೆಯುವಾಗ ನೀವು ತುಳಿದು ಸಹಾಯ ಮಾಡಲು ಹೋಗಬೇಡಿ, ಹಗ್ಗವೂ ಯಂತ್ರಕ್ಕೆ ಸುತ್ತಿಕೊಳ್ಳುತ್ತದೆ.

ಕೆಸರಿಗೆ ಇಳಿಯಬೇಡಿ. ಕಾಂಡ್ಲಾದ ಕೆಸರು ಮೇಲೆ ಗಟ್ಟಿಯಾಗಿ ಕಂಡರೂ ತೊಡೆಯವರೆಗೆ ನುಂಗಬಹುದು, ಒಳಗೆ ಚಿಪ್ಪು, ಮುರಿದ ಬೇರು ಇರುತ್ತವೆ. ಕಾಲು ಹೂತಿದ್ದರೆ ಎಳೆದಾಡದೆ ದೋಣಿಯ ಮೇಲೆ ಎದೆಯಿಟ್ಟು ಮಲಗಿ, ಭಾರವನ್ನು ಹರಡಿ, ಪಾದವನ್ನು ಸಣ್ಣಗೆ ಅಲುಗಾಡಿಸುತ್ತಾ ಒಂದೊಂದಾಗಿ ತೆಗೆಯಿರಿ. ದೋಣಿ ಸಿಕ್ಕಿಕೊಂಡು ನೀರು ಏರುತ್ತಿದ್ದರೆ ದೋಣಿಯಲ್ಲೇ ಕೂತು ಕಾಯಿರಿ. ಇಳಿಯುತ್ತಿದ್ದು ಬಿಡಿಸಿಕೊಳ್ಳಲು ಆಗದೇ ಹೋದರೆ ದೋಣಿಯಲ್ಲೇ ಕೂತು, ನೆರಳು ಮಾಡಿಕೊಂಡು, ನೀರನ್ನು ಅಳೆದು ಕುಡಿಯುತ್ತಾ ಮುಂದಿನ ಉಬ್ಬರ ಕಾಯುವುದೇ ಸುರಕ್ಷಿತ. ನಡೆದು ದಡ ಸೇರುವ ಪ್ರಯತ್ನ ಮಾಡಬೇಡಿ.

ಹಂತ 11: ಮರಳುವ ಗಡುವು

ಗಡುವನ್ನು ಸ್ಥಳದಿಂದಲ್ಲ, ಗಡಿಯಾರದಿಂದ ನಿಗದಿ ಮಾಡಿ. 'ಆ ಕೆರೆಯಂಥ ಜಾಗದವರೆಗೆ ಹೋಗೋಣ' ಎಂದರೆ ಅದು ತಲುಪುವವರೆಗೂ ಯಾರೂ ತಿರುಗುವುದಿಲ್ಲ. 'ಹನ್ನೊಂದಕ್ಕೆ ಎಲ್ಲಿದ್ದರೆ ಅಲ್ಲಿಂದ' ಎಂದು ಗೈಡ್ ಜೊತೆ ಮೊದಲೇ ಒಪ್ಪಂದವಾಗಲಿ. ತಿರುಗಲು ಅಗಲ ಸಾಲದ ಕಾಲುವೆಯಿಂದ ಹಿಮ್ಮುಖವಾಗಿ ಹೊರಬರುವಾಗ ಚುಕ್ಕಾಣಿ ಎತ್ತಿರಲಿ, ಇಲ್ಲದಿದ್ದರೆ ಅದು ಎದುರು ದಿಕ್ಕಿಗೆ ತಿರುಗಿಸುತ್ತದೆ. ಸಾಲಿನ ಕೊನೆಯಲ್ಲಿದ್ದವರು ಈಗ ಮೊದಲಾಗುತ್ತಾರೆ. ಹಿಂದಿನಿಂದ ಕಾಯುವ ಎರಡನೆಯ ಗೈಡ್ ಬೇಕೆಂದದ್ದು ಇದಕ್ಕಾಗಿಯೂ.

ದಡಕ್ಕೆ ಬರುವಾಗ, ನೆಲ ಕಾಣುವ ಮೊದಲೇ ಯಂತ್ರ ಎತ್ತಿ. ಕೊನೆಯ ಹತ್ತು ಮೀಟರ್‌ನಲ್ಲಿ ಉತ್ಸಾಹದಿಂದ ತುಳಿದು ಮರಳಿಗೆ ನುಗ್ಗಿಸಿದ ದೋಣಿಗಳ ರೆಕ್ಕೆಗಳು ಬಾಗಿರುವುದನ್ನು ಯಾವ ಬಾಡಿಗೆಯವರನ್ನು ಕೇಳಿದರೂ ತೋರಿಸುತ್ತಾರೆ. ಕಾಲಿಡುವಾಗ ಪಾದವನ್ನು ಎತ್ತಿ ಇಡದೆ ಮರಳಿನಲ್ಲಿ ಜಾರಿಸುತ್ತಾ ನಡೆಯಿರಿ. ಮರಳಲ್ಲಿ ಹುದುಗಿರುವ ತೊರಕೆ ಮೀನು ಇದ್ದರೆ ಅದು ಸರಿದು ಹೋಗುತ್ತದೆ, ಮೆಟ್ಟಿದರೆ ಬಾಲದ ಮುಳ್ಳಿನಿಂದ ಚುಚ್ಚುತ್ತದೆ.

ಹಂತ 12: ತೊಳೆಯುವುದು ಮತ್ತು ಗಾಯ

ಬಾಡಿಗೆಯ ದೋಣಿಯಾದರೂ ಯಂತ್ರವನ್ನು ಸಿಹಿನೀರಿನಲ್ಲಿ ತೊಳೆದು ಕೊಡಿ. ಏನಾದರೂ ಬಡಿದ ಸದ್ದು ಕೇಳಿದ್ದರೆ ಮುಚ್ಚಿಡದೆ ಹೇಳಿ, ನಾಳೆ ಅದರಲ್ಲಿ ಇನ್ನೊಬ್ಬರು ಕೂರುತ್ತಾರೆ.

ನಿಮ್ಮ ಮೈಯನ್ನೂ ನೋಡಿಕೊಳ್ಳಿ. ಸಿಂಪಿ ಗೀಚಿದ ಗಾಯ ಚಿಕ್ಕದಾಗಿ ಕಾಣುತ್ತದೆ, ಆದರೆ ಬೆಚ್ಚಗಿನ ಚೌಳು ನೀರಿನಲ್ಲಿ (ಉಪ್ಪುನೀರು, ಸಿಹಿನೀರು ಬೆರೆತದ್ದು) ವಿಬ್ರಿಯೊ ಎಂಬ ಬ್ಯಾಕ್ಟೀರಿಯಾ ಇರುತ್ತದೆ, ಅದು ಗಾಯದ ಮೂಲಕ ಒಳಹೊಕ್ಕರೆ ಬಹುಬೇಗ ಹರಡುತ್ತದೆ. ಯಕೃತ್ತಿನ ಕಾಯಿಲೆ, ಮಧುಮೇಹ ಇರುವವರಿಗೆ ಅಪಾಯ ಹೆಚ್ಚು. ಅಂಥವರು ಹಳೆಯ ಗಾಯವಿದ್ದರೆ ನೀರಿಗಿಳಿಯದಿರುವುದೇ ಒಳಿತು. ಗೀರಿದ ಕೂಡಲೇ ಶುದ್ಧ ನೀರು ಮತ್ತು ಸಾಬೂನಿನಿಂದ ತೊಳೆದು, ಚಿಪ್ಪಿನ ಚೂರು ಉಳಿದಿಲ್ಲವೆಂದು ನೋಡಿ, ಮುಚ್ಚಿ. ಮುಂದಿನ ಒಂದೆರಡು ದಿನಗಳಲ್ಲಿ ಕೆಂಪು ಹರಡಿದರೆ, ಗಾಯಕ್ಕೆ ಮೀರಿದ ನೋವು ಬಂದರೆ, ಗುಳ್ಳೆ ಎದ್ದರೆ ಅಥವಾ ಜ್ವರ ಕಾಣಿಸಿದರೆ ಮರುದಿನದವರೆಗೆ ಕಾಯದೆ ಆಸ್ಪತ್ರೆಗೆ ಹೋಗಿ, ಗಾಯವಾದದ್ದು ಚೌಳು ನೀರಿನಲ್ಲಿ ಎಂದು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿ. ಯಾವ ಔಷಧ ಕೊಡಬೇಕೆಂಬುದು ಆ ಮಾಹಿತಿಯ ಮೇಲೆ ನಿಂತಿರುತ್ತದೆ.